ನಮ್ಮ ಕಾರಿಗೆ ಉಸಿರು ಕಟ್ಟಿದಾಗ

ನನಗೆ ಪಾಠ ಮಾಡಲು ಬರುತ್ತದೆ, ಹಾಜರಿ ಪುಸ್ತಕ ಬರೆಯಲು ಬರುತ್ತದೆ, ಮಧ್ಯಾಹ್ನದ ಊಟದ ಅಕ್ಕಿ ಲೆಕ್ಕ ಇಡಲೂ ಬರುತ್ತದೆ. ಆದರೆ ಕಾರಿನ ವಿಷಯದಲ್ಲಿ ಕೀ ತಿರುಗಿಸುವುದು, ಪೆಟ್ರೋಲ್ ಹಾಕಿಸುವುದು, ಶಬ್ದ ಬಂದರೆ ಹೆದರುವುದು, ಇಷ್ಟೇ ನನ್ನ ವಿದ್ಯೆ. ಅಂಥ ನಾನು ಮೇ ತಿಂಗಳ ಕೊನೆಯ ಶನಿವಾರ ಪಂಚೆ ಮೇಲೆ ಕಟ್ಟಿ, ಹಲಸಿನ ಮರದ ಅಡಿಯಲ್ಲಿ ಕಾರು ನಿಲ್ಲಿಸಿ ಬಾನೆಟ್ ಎತ್ತಿದೆ. ಹೆಂಡತಿ ಅಡುಗೆಮನೆ ಕಿಟಕಿಯಿಂದ ನೋಡಿ, "ಬಿಚ್ಚುವುದು ಸುಲಭ, ಮತ್ತೆ ಜೋಡಿಸುವವರು ಯಾರು?" ಅಂದಳು. ಆ ಮಾತು ನನಗೆ ಚುಚ್ಚಿತು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಕಾರಿನ ಕಥೆ. ಹದಿನೈದು ವರ್ಷ ದಾಟಿ ರಿಜಿಸ್ಟ್ರೇಶನ್ ನವೀಕರಿಸಿಕೊಂಡ ಪುಟ್ಟ ಪೆಟ್ರೋಲ್ ಕಾರು ನನ್ನದು. ಮನೆಯಿಂದ ಶಾಲೆಗೆ ನಾಲ್ಕು ಕಿಲೋಮೀಟರ್. ನಡುವೆ ಒಂದು ಗುಡ್ಡೆ ಹತ್ತಿ ಇಳಿಯಬೇಕು. ಆ ಗುಡ್ಡೆಯ ಮೇಲಿನ ಮೂರು ಮಕ್ಕಳು, ಜತೆಗೆ ಆರನೇ ತರಗತಿಯ ನನ್ನ ಮಗಳು, ದಿನಾ ನನ್ನ ಕಾರಿನಲ್ಲೇ ಶಾಲೆಗೆ ಬರುವುದು. ಅಲ್ಲಿಗೆ ಬಸ್ಸಿಲ್ಲ. ಆದರೆ ಇಂಗ್ಲಿಷ್ ಮೀಡಿಯಂ ಶಾಲೆಯ ವ್ಯಾನ್ ಮಾತ್ರ ಅವರ ಗೇಟಿನವರೆಗೆ ಬರುತ್ತದೆ.

ಕಾಸರಗೋಡಿನ ಕನ್ನಡ ಶಾಲೆಯ ಮಾಷ್ಟ್ರುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯ ಓದುಗರಿಗಾಗಿ ಹೇಳುತ್ತೇನೆ. ಕೇರಳದಲ್ಲಿ ಜೂನ್ ತಿಂಗಳು ಶಾಲೆ ಶುರುವಾಗಿ ಆರನೆಯ ಕೆಲಸದ ದಿನ ಮಕ್ಕಳ ತಲೆ ಎಣಿಕೆ ಆಗುತ್ತದೆ. ಆ ಲೆಕ್ಕದ ಮೇಲೆ ಆ ವರ್ಷ ಎಷ್ಟು ಡಿವಿಷನ್, ಎಷ್ಟು ಮಾಷ್ಟ್ರು ಎಂಬುದು ನಿಂತಿದೆ. ಎಣಿಕೆಯಲ್ಲಿ ಒಂದೆರಡು ತಲೆ ಕಡಿಮೆಯಾದರೆ ಒಂದು ಡಿವಿಷನ್ ಹೋಗಬಹುದು, ಒಬ್ಬ ಟೀಚರ್ ಹೋಗಬಹುದು. ನಮ್ಮಲ್ಲಿ ಮೇ ತಿಂಗಳಿಡೀ ಮಾಷ್ಟ್ರುಗಳು ಮನೆಮನೆ ತಿರುಗುವುದು ಇದಕ್ಕೇ. ಆ ಮೂರು ಮಕ್ಕಳ ಅಪ್ಪನಿಗೆ ನಾನು ಕೊಟ್ಟದ್ದು ಒಂದೇ ಮಾತು: "ಕರಕೊಂಡು ಹೋಗುವುದು, ತಂದು ಬಿಡುವುದು ನನ್ನ ಜವಾಬ್ದಾರಿ."

ಆ ಮಾತು ಕೊಟ್ಟ ವಾರವೇ ಕಾರಿಗೆ ರೋಗ ಶುರುವಾಯಿತು.

ಅಂಗಳದ ಕೆಂಪುಕಲ್ಲಿನ ಮೇಲೆ ಬೆಳಿಗ್ಗೆ ಬೆಳಿಗ್ಗೆ ಒಂದು ರೂಪಾಯಿ ನಾಣ್ಯದಷ್ಟು ಕಪ್ಪು ಕಲೆ. ಆಮೇಲೆ ಅದು ದೋಸೆಯಷ್ಟಾಯಿತು. ನಿಂತಲ್ಲಿ ಇಂಜಿನ್ ನಡುಗುತ್ತಿತ್ತು. ಗುಡ್ಡೆ ಹತ್ತುವಾಗ ಮುದುಕನ ಹಾಗೆ ಏದುಸಿರು. ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಕಡಿಮೆ. ವರ್ಕ್‌ಶಾಪಿಗೆ ಒಯ್ದೆ. ಅವರು ಆಯಿಲ್ ಹಾಕುವ ಮುಚ್ಚಳ ತೆಗೆದು, ಅಲ್ಲಿಂದ ಬುಸುಬುಸು ಹೊಗೆ ಬರುವುದನ್ನು ತೋರಿಸಿ, "ರಿಂಗ್ ಹೋಗಿದೆ ಮಾಷೇ, ಇಂಜಿನ್ ಪಣಿ ಮಾಡಬೇಕು" ಅಂದರು. 18,000 ರೂಪಾಯಿ, ಎರಡು ವಾರ. ಮಾಷ್ಟ್ರ ಕಿಸೆಗೆ 18,000 ದೊಡ್ಡದೇ. ಆದರೆ ನನ್ನನ್ನು ಹೆದರಿಸಿದ್ದು ಆ ಎರಡು ವಾರ. ಅಷ್ಟರೊಳಗೆ ಆರನೆಯ ಕೆಲಸದ ದಿನ ಬಂದು ಹೋಗಿರುತ್ತದೆ!

ನಮ್ಮ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪೊಂದುಂಟು. ಮಕ್ಕಳಿಗೆ ಕೊಡೆ, ಚೀಲ ಬೇಕಾದಾಗ ಅಲ್ಲಿ ಕೇಳುವುದು ರೂಢಿ. ಈ ಸಲ ಕೊಡೆಯ ಲೆಕ್ಕ ಬರೆಯುತ್ತಾ ಕಾರಿನ ಗೋಳನ್ನೂ ಬರೆದುಬಿಟ್ಟೆ. ಹತ್ತು ನಿಮಿಷದಲ್ಲಿ ದುಬೈಯಿಂದ ಒಂದು ಧ್ವನಿ ಸಂದೇಶ ಬಂತು. "ಮಾಷ್ಟ್ರೇ, ಇಂಜಿನ್ ಬಿಚ್ಚಲಿಕ್ಕೆ ಕೊಡಬೇಡಿ. ಸೈಲೆನ್ಸರಿನಲ್ಲಿ ನೀಲಿ ಹೊಗೆ ಬರ್ತದಾ? ಇಲ್ಲದಿದ್ದರೆ ಮೊದಲು ಪಿಸಿವಿ ವಾಲ್ವ್ ನೋಡುವ. ನಾನು ನಾಳೆ ಫೋನ್ ಮಾಡ್ತೇನೆ."

ಧ್ವನಿ ಕೇಳಿದ ಕೂಡಲೇ ಗುರುತು ಸಿಕ್ಕಿತು. ಸಿಕ್ಕಿದ್ದಕ್ಕೆ ಸ್ವಲ್ಪ ನಾಚಿಕೆಯೂ ಆಯಿತು.

2003ರಲ್ಲಿ ಅವನು ಏಳನೇ ತರಗತಿ. ನಾನು ಕೆಲಸಕ್ಕೆ ಸೇರಿ ಮೂರು ವರ್ಷ ಆಗಿತ್ತಷ್ಟೆ. ಆಫೀಸ್ ರೂಮಿನಲ್ಲಿ ಕೀ ಕೊಡುವ ಹಳೆಯ ಗೋಡೆ ಗಡಿಯಾರ ಇತ್ತು, ನಿಂತು ಹೋಗಿತ್ತು. ಒಂದು ಮಧ್ಯಾಹ್ನ ಈ ಹುಡುಗ ಅದನ್ನು ಇಳಿಸಿ, ಹಲ್ಲಿನ ಚಕ್ರಗಳನ್ನೆಲ್ಲ ಬಿಚ್ಚಿ ಬೆಂಚಿನ ಮೇಲೆ ಸಾಲಾಗಿ ಇಟ್ಟಿದ್ದ. ಮತ್ತೆ ಜೋಡಿಸಲು ಆಗಲಿಲ್ಲ. ನಾನು ಬೆತ್ತದಲ್ಲಿ ಎರಡು ಪೆಟ್ಟು ಕೊಟ್ಟೆ, ಇಡೀ ತರಗತಿಯ ಎದುರು. "ನೀನು ಬಿಚ್ಚಲಿಕ್ಕೆ ಮಾತ್ರ ಲಾಯಕ್ಕು" ಅಂದೆ. ಮಕ್ಕಳು ನಕ್ಕರು. ಆ ವರ್ಷ ಪೂರ್ತಿ ಅವನಿಗೆ ಅದೇ ಅಡ್ಡಹೆಸರಾಯಿತು. ಗಡಿಯಾರ ನಿಂತೇ ಇತ್ತಲ್ಲ, ಅವನು ಕೆಡಿಸಿದ್ದೇನು ಎಂದು ನಾನು ಯೋಚಿಸಲೇ ಇಲ್ಲ.

ಶನಿವಾರ ಬೆಳಿಗ್ಗೆ ವೀಡಿಯೋ ಕಾಲ್ ಬಂತು. ಅಲ್ಲಿಗೂ ಇಲ್ಲಿಗೂ ಒಂದೂವರೆ ಗಂಟೆ ವ್ಯತ್ಯಾಸ. ಅವನು ಗ್ಯಾರೇಜಿಗೆ ಹೋಗುವ ಮೊದಲೇ ಮಾಡಿದ್ದ. ಮಗಳು ಫೋನ್ ಹಿಡಿದಳು. ಅವನು ಮೊದಲು ಹೇಳಿದ್ದು: "ಮಾಷ್ಟ್ರೇ, ಪಂಚೆ ಬದಲಾಯಿಸಿ ಪ್ಯಾಂಟ್ ಹಾಕಿ ಬನ್ನಿ. ಇಂಜಿನ್ ಸ್ಟಾರ್ಟ್ ಮಾಡಿ ನೋಡಲಿಕ್ಕುಂಟು. ಬೆಲ್ಟಿಗೆ ಪಂಚೆ ಸಿಕ್ಕಿದರೆ ಕಾರಿಗಿಂತ ಮೊದಲು ನಿಮ್ಮನ್ನು ರಿಪೇರಿ ಮಾಡಬೇಕಾದೀತು." ಹೋಗಿ ಪ್ಯಾಂಟ್ ಹಾಕಿ ಬಂದೆ.

ಈ ವಾಲ್ವ್ ಏನು ಮಾಡುತ್ತದೆ ಅಂತ ಅವನು ಹೇಳಿದ್ದನ್ನೂ, ನಾನು ಆಮೇಲೆ ಓದಿ ತಿಳಿದದ್ದನ್ನೂ ಸೇರಿಸಿ, ನಮ್ಮ ಏಳನೇ ತರಗತಿಗೆ ಹೇಳಿದ ಹಾಗೆಯೇ ಇಲ್ಲಿ ಬರೆಯುತ್ತೇನೆ.

ಸೈಕಲ್ ಪಂಪು ಒತ್ತುವಾಗ ಎಲ್ಲ ಗಾಳಿಯೂ ಟ್ಯೂಬಿಗೆ ಹೋಗುವುದಿಲ್ಲ, ಸ್ವಲ್ಪ ವಾಶರಿನ ಬದಿಯಿಂದ ಹಿಂದಕ್ಕೆ ನುಸುಳುತ್ತದೆ. ಇಂಜಿನಿನಲ್ಲೂ ಹಾಗೆಯೇ. ಸಿಲಿಂಡರಿನಲ್ಲಿ ಪೆಟ್ರೋಲ್ ಉರಿದು ಪಿಸ್ಟನನ್ನು ಕೆಳಗೆ ತಳ್ಳುವಾಗ ಸ್ವಲ್ಪ ಗ್ಯಾಸು ರಿಂಗುಗಳ ಸಂದಿಯಿಂದ ಕೆಳಗಿನ ಆಯಿಲ್ ಇರುವ ಕೋಣೆಗೆ ನುಸುಳುತ್ತದೆ. ಹೊಸ ಇಂಜಿನಿನಲ್ಲೂ ನುಸುಳುತ್ತದೆ, ಹಳತರಲ್ಲಿ ಜಾಸ್ತಿ. ಆ ಗ್ಯಾಸಿನಲ್ಲಿ ಉರಿಯದ ಪೆಟ್ರೋಲಿನ ಆವಿ, ನೀರಿನ ಆವಿ, ಆಮ್ಲದ ಅಂಶ ಎಲ್ಲ ಇರುತ್ತದೆ. ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಒಳಗೆ ಒತ್ತಡ ಏರುತ್ತದೆ, ಆಯಿಲ್ ಕೆಸರಾಗುತ್ತದೆ. ಕೊನೆಗೆ ಒತ್ತಡವೇ ದಾರಿ ಮಾಡಿಕೊಂಡು ಸೀಲು, ಪ್ಯಾಕಿಂಗುಗಳ ಸಂದಿಯಿಂದ ಆಯಿಲನ್ನು ಹೊರಗೆ ತಳ್ಳುತ್ತದೆ. ನನ್ನ ಅಂಗಳದ ದೋಸೆ ಅದೇ.

ಮೊದಲಿನ ಕಾಲದ ಕಾರುಗಳಲ್ಲಿ ಇದಕ್ಕೆ ಒಂದು ಕೊಳವೆ ಇಟ್ಟು ಗ್ಯಾಸನ್ನು ನೇರ ರಸ್ತೆಗೆ ಬಿಡುತ್ತಿದ್ದರು. ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಕಣ್ಣು ಉರಿಯುವಂಥ ಹೊಗೆಮಂಜು ಕವಿಯುತ್ತಿದ್ದಾಗ ಅದರ ಕಾರಣ ಹುಡುಕಿದವರು ಹಾಗನ್-ಸ್ಮಿಟ್ ಎಂಬ ರಸಾಯನ ವಿಜ್ಞಾನಿ. ತಮಾಷೆ ಅಂದರೆ ಅವರು ಅದಕ್ಕೆ ಮೊದಲು ಅಧ್ಯಯನ ಮಾಡುತ್ತಿದ್ದದ್ದು ಅನಾನಸಿನ ಪರಿಮಳವನ್ನು! ಕಾರು, ಕಾರ್ಖಾನೆಗಳಿಂದ ಬರುವ ಉರಿಯದ ಪೆಟ್ರೋಲಿಯಂ ಆವಿಯೂ ಸಾರಜನಕದ ಆಕ್ಸೈಡುಗಳೂ ಬಿಸಿಲಿಗೆ ಸೇರಿ ಆ ಮಂಜು ಆಗುತ್ತದೆ ಎಂದು ಅವರು 1950ರ ದಶಕದಲ್ಲಿ ತೋರಿಸಿಕೊಟ್ಟರು. 1961ರಲ್ಲಿ ಕ್ಯಾಲಿಫೋರ್ನಿಯ ರಾಜ್ಯ ಈ ವಾಲ್ವನ್ನು ಹೊಸ ಕಾರುಗಳಿಗೆ ಕಡ್ಡಾಯ ಮಾಡಲು ಹೊರಟಿತು. ಕಾರಿನ ಹೊಗೆ ಕಡಿಮೆ ಮಾಡಲು ಕಾನೂನು ಕೇಳಿದ ಮೊದಲ ಉಪಕರಣವೇ ಇದು. ಹೆಬ್ಬೆರಳಿನಷ್ಟು ದೊಡ್ಡದು, ಒಳಗೆ ಒಂದು ಸ್ಪ್ರಿಂಗ್, ಒಂದು ಮೊಳೆಯಂಥ ತುಂಡು. ಗ್ಯಾಸನ್ನು ರಸ್ತೆಗೆ ಬಿಡದೆ ಮತ್ತೆ ಇಂಜಿನಿಗೇ ಕೊಟ್ಟು ಉರಿಸುವುದು ಅದರ ಕೆಲಸ.

ಕುಕ್ಕರಿನ ವೆಯಿಟಿನ ಹಾಗೆ ಇದು ಬರೀ ಒತ್ತಡಕ್ಕೆ ತೆರೆಯುವುದಲ್ಲ. ಇಂಜಿನ್ ಗಾಳಿ ಎಳೆದುಕೊಳ್ಳುವ ಶಕ್ತಿ ಇದನ್ನು ನಡೆಸುತ್ತದೆ. ಕಾರು ನಿಂತು ಇಂಜಿನ್ ಮೆಲ್ಲ ತಿರುಗುವಾಗ ಎಳೆತ ಜೋರು. ಆಗ ಆ ಮೊಳೆ ಸ್ಪ್ರಿಂಗಿಗೆ ಎದುರಾಗಿ ಎಳೆಯಲ್ಪಟ್ಟು ದಾರಿ ಕಿರಿದಾಗುತ್ತದೆ, ಸ್ವಲ್ಪವೇ ಗ್ಯಾಸು ಹೋಗುತ್ತದೆ. ಗುಡ್ಡೆ ಹತ್ತುವಾಗ ಆಕ್ಸಿಲರೇಟರ್ ಒತ್ತುತ್ತೇವಲ್ಲ, ಆಗ ಎಳೆತ ಕಡಿಮೆ, ಸ್ಪ್ರಿಂಗ್ ಮೊಳೆಯನ್ನು ಹಿಂದಕ್ಕೆ ತಳ್ಳಿ ದಾರಿ ಅಗಲ ಮಾಡುತ್ತದೆ. ನುಸುಳುವ ಗ್ಯಾಸು ಜಾಸ್ತಿ ಇರುವುದೂ ಆಗಲೇ. ಹೋದ ಗ್ಯಾಸಿನ ಬದಲಿಗೆ ಏರ್ ಫಿಲ್ಟರಿನ ಕಡೆಯಿಂದ ಇನ್ನೊಂದು ಪೈಪಿನಲ್ಲಿ ಶುದ್ಧ ಗಾಳಿ ಒಳಗೆ ಬರುತ್ತದೆ. ವಾಲ್ವ್ ಮುಚ್ಚಿ ಹಿಡಿದುಕೊಂಡರೆ ಈ ಪೈಪಿನಲ್ಲಿ ಗಾಳಿ ಉಲ್ಟಾ ಬರುತ್ತದೆ, ಆಯಿಲ್ ಸಮೇತ. ನನ್ನ ಏರ್ ಫಿಲ್ಟರ್ ತೆರೆದು ತೋರಿಸಿದಾಗ ಅದು ಪೋಡಿ ಕರಿದ ಕಾಗದದ ಹಾಗೆ ಎಣ್ಣೆಮಯ. ಗುಡ್ಡೆಯಲ್ಲಿ ಏದುಸಿರು ಬಿಟ್ಟದ್ದು ಅದಕ್ಕೆ.

"ನಾಲ್ಕೇ ಕಿಲೋಮೀಟರ್ ಓಡಿಸುವುದಲ್ಲ ಮಾಷ್ಟ್ರೇ, ಇಂಜಿನ್ ಸರಿಯಾಗಿ ಬಿಸಿ ಆಗುವುದೇ ಇಲ್ಲ. ಒಳಗಿನ ನೀರು ಆವಿಯಾಗಿ ಹೋಗುವುದಿಲ್ಲ. ಆಯಿಲ್ ಮುಚ್ಚಳದ ಒಳಬದಿ ನೋಡಿ" ಅಂದ. ನೋಡಿದರೆ ಮಜ್ಜಿಗೆ ಕಡೆದಾಗ ಬರುವ ನೊರೆಯಂಥ ಹಳದಿ ಬಿಳಿ ಕೆನೆ.

ಈಗ ಕೆಲಸ. ಇಂಜಿನ್ ಪೂರ್ತಿ ತಣ್ಣಗಿರಬೇಕು, ಹ್ಯಾಂಡ್‌ಬ್ರೇಕ್ ಎಳೆದಿರಬೇಕು. ನನ್ನ ಕಾರಿನಲ್ಲಿ ವಾಲ್ವು ಇಂಜಿನಿನ ಮೇಲಿನ ಟ್ಯಾಪೆಟ್ ಕವರಿನಲ್ಲಿ ಒಂದು ರಬ್ಬರ್ ಬುಶ್ಶಿಗೆ ತುರುಕಿಕೊಂಡಿತ್ತು. ಅದರ ತಲೆಗೆ ಒಂದು ಪೈಪು, ಪೈಪಿಗೆ ಒಂದು ಕ್ಲಿಪ್ಪು. ಕೆಲವು ಕಾರುಗಳಲ್ಲಿ ಮರೆ ಇದ್ದು ತಿರುಗಿಸಿ ತೆಗೆಯಬೇಕು, ಕೆಲವದರಲ್ಲಿ ಕವರಿನ ಒಳಗೇ ಇರುತ್ತದೆ. ನಿಮ್ಮ ಗಾಡಿಯ ಪುಸ್ತಕ ನೋಡಿಯೇ ಕೈ ಹಾಕಿ.

ನಾನು ಸ್ಕ್ರೂಡ್ರೈವರ್ ಎತ್ತಿದ ಕೂಡಲೇ ಅವನು ತಡೆದ.

"ಬಿಚ್ಚುವ ಮೊದಲು ಒಂದು ಫೋಟೋ ತೆಗೆಯಿರಿ ಮಾಷ್ಟ್ರೇ. ಯಾವುದು ಯಾವ ದಿಕ್ಕಿಗೆ ಇತ್ತು ಅಂತ ಹಾಕುವಾಗ ಗೊತ್ತಾಗುವುದಿಲ್ಲ. ಆ ಗಡಿಯಾರದಲ್ಲಿ ನನಗೆ ಆದದ್ದು ಅದೇ."

ಅವನು ತೀರಾ ಸಹಜವಾಗಿ ಹೇಳಿದ. ಮಗಳು "ಯಾವ ಗಡಿಯಾರ?" ಅಂತ ಕೇಳಿದಳು. ನಾನು ಫೋಟೋ ತೆಗೆಯುವುದರಲ್ಲಿ ಮಗ್ನನಾದ ಹಾಗೆ ಮಾಡಿದೆ.

ಪ್ಲೇಯರಿನಲ್ಲಿ ಕ್ಲಿಪ್ಪು ಸರಿಸಿ, ಸುತ್ತಲಿನ ಮಣ್ಣು ಒರೆಸಿ, ವಾಲ್ವನ್ನು ಅತ್ತಿತ್ತ ತಿರುಗಿಸುತ್ತಾ ಮೇಲೆಳೆದೆ. ಬಂತು. ಆದರೆ ಕಲ್ಲಿನ ಹಾಗೆ ಗಟ್ಟಿಯಾಗಿದ್ದ ರಬ್ಬರ್ ಬುಶ್ಶು ಟಪ್ ಅಂತ ಮುರಿದು, ಒಂದು ತುಂಡು ತೂತಿನ ಅಂಚಿಗೆ ಜೋತು ಬಿತ್ತು. ಒಳಗೆ ಬಿದ್ದಿದ್ದರೆ ಕವರನ್ನೇ ಬಿಚ್ಚಬೇಕಿತ್ತು. ನನ್ನ ಕೈ ನಡುಗಿತು. "ಮುಟ್ಟಬೇಡಿ, ಮುಟ್ಟಬೇಡಿ. ಸಪುರ ಬೆರಳಿನವರು ಯಾರಿದ್ದಾರೆ?" ಅಂದ. ಮಗಳು ಫೋನನ್ನು ನನ್ನ ಕೈಗೆ ಕೊಟ್ಟು, ಅಮ್ಮನ ಚಿಮಟ ತಂದು, ಉಸಿರು ಬಿಗಿಹಿಡಿದು ಆ ತುಂಡನ್ನು ಎತ್ತಿದಳು. ಉಳಿದ ಚೂರುಗಳನ್ನೂ ಎತ್ತಿ, ಎಲ್ಲವನ್ನೂ ಕಾಗದದ ಮೇಲೆ ಜೋಡಿಸಿ, ವೃತ್ತ ಪೂರ್ತಿಯಾಗಿದೆ ಎಂದು ತೋರಿಸಿದ ಮೇಲೆಯೇ ಅವನು ಮುಂದಿನ ಮಾತು ಹೇಳಿದ್ದು.

ಪರೀಕ್ಷೆ ಎರಡು. ಮೊದಲನೆಯದು: ವಾಲ್ವು ಪೈಪಿಗೆ ಇದ್ದ ಹಾಗೆಯೇ, ಕವರಿನ ತೂತಿಗೆ ವಿಜ್ಞಾನ ಕಿಟ್ಟಿನ ಒಂದು ದೊಡ್ಡ ರಬ್ಬರ್ ಬಿರಡೆ ಕೊಟ್ಟು ಇಂಜಿನ್ ಸ್ಟಾರ್ಟ್ ಮಾಡಿ, ವಾಲ್ವಿನ ಕೆಳತುದಿಗೆ ಬೆರಳು ಇಡುವುದು. ಸರಿ ಇದ್ದರೆ ಬೆರಳನ್ನು ಎಳೆದುಕೊಳ್ಳಬೇಕು. ಎಳೆಯಲಿಲ್ಲ. ವಾಲ್ವು ತೆಗೆದು ಬರೀ ಪೈಪಿಗೆ ಬೆರಳಿಟ್ಟರೆ ಚಪ್ ಅಂತ ಎಳೆಯಿತು. ಅಂದರೆ ಪೈಪು ಸರಿ, ಕಟ್ಟಿದ್ದು ವಾಲ್ವೇ. ಎರಡನೆಯದು ಇನ್ನೂ ಸುಲಭ. ಇಂಜಿನ್ ಆಫ್ ಮಾಡಿ, ವಾಲ್ವನ್ನು ಕಿವಿಯ ಹತ್ತಿರ ಅಲ್ಲಾಡಿಸುವುದು. ಒಳಗಿನ ಮೊಳೆ ಟಕಟಕ ಅನ್ನಬೇಕು. ನನ್ನದು ಮೌನವ್ರತ.

ಹಳೆ ವಾಲ್ವು ಕಿಸೆಯಲ್ಲಿಟ್ಟು ಬಸ್ಸು ಹತ್ತಿ ಪೇಟೆಗೆ ಹೋದೆ. ಮೊದಲ ಅಂಗಡಿಯವ ಕೊಟ್ಟದ್ದು ನೋಡಲು ಅವಳಿ ಜವಳಿ. ಫೋಟೋ ಕಳಿಸಿದರೆ ಉತ್ತರ ಬಂತು: "ನಂಬರ್ ಬೇರೆ. ಸ್ಪ್ರಿಂಗ್ ಬೇರೆ ಇರ್ತದೆ. ತೆಗೊಳ್ಳಬೇಡಿ." ಇಂಜಿನಿಗೆ ತಕ್ಕ ಹಾಗೆ ಸ್ಪ್ರಿಂಗಿನ ಬಿಗಿ ಇರುತ್ತದೆ, ಹೊರಗಿನ ರೂಪ ಒಂದೇ ಆದರೆ ಸಾಲದು. ಮೂರನೇ ಅಂಗಡಿಯಲ್ಲಿ ಸರಿಯಾದದ್ದು ಸಿಕ್ಕಿತು. ವಾಲ್ವಿಗೆ 250, ರಬ್ಬರ್ ಬುಶ್ಶಿಗೆ 40, ಏರ್ ಫಿಲ್ಟರಿಗೆ 220 ರೂಪಾಯಿ.

ಭಾನುವಾರ ಬೆಳಿಗ್ಗೆ ಹಾಕಿದ್ದು. ತೂತಿನ ಅಂಚು ಒರೆಸಿ, ಹೊಸ ಬುಶ್ಶಿಗೆ ಒಂದು ಹನಿ ಆಯಿಲ್ ಸವರಿ ಕೂರಿಸಿ, ವಾಲ್ವನ್ನು ಒತ್ತಿ, ಫೋಟೋ ನೋಡಿ ದಿಕ್ಕು ಸರಿಮಾಡಿ, ಪೈಪು ತುರುಕಿ, ಕ್ಲಿಪ್ಪು ಹಾಕಿದೆ. ವಾಲ್ವು ಉಲ್ಟಾ ಆದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಕೆಲಸ ಮುಗಿಯುವಾಗ ನನಗೆ ತಡೆಯಲಾಗಲಿಲ್ಲ.

"ಆವತ್ತು ಗಡಿಯಾರಕ್ಕೆ ನಿನಗೆ ಹೊಡೆದದ್ದು ನನ್ನ ತಪ್ಪು ಮಾರಾಯ. ಆ ಮಾತು ಹೇಳಿದ್ದು ಅದಕ್ಕಿಂತ ದೊಡ್ಡ ತಪ್ಪು."

ಸ್ವಲ್ಪ ಹೊತ್ತು ಅವನು ಮಾತಾಡಲಿಲ್ಲ. ನೆಟ್‌ವರ್ಕ್ ಹೋಯಿತೋ ಅಂದುಕೊಂಡೆ. ಆಮೇಲೆ, "ಮಾಷ್ಟ್ರೇ, ಕ್ಲಿಪ್ಪು ಪೂರ್ತಿ ಒಳಗೆ ಕೂತಿದಾ ನೋಡಿ, ಎಡಬದಿ ಸ್ವಲ್ಪ ಮೇಲೆ ಕಾಣ್ತದೆ" ಅಂದ. ನೋಡಿದೆ. ಹೌದು, ಮೇಲೆಯೇ ಇತ್ತು. ಒತ್ತಿ ಕೂರಿಸಿದೆ.

ಸ್ಟಾರ್ಟ್ ಮಾಡಿದೆ. ನಡುಕ ಇಲ್ಲ. ಆಯಿಲ್ ಮುಚ್ಚಳ ತೆಗೆದರೆ ಮೊದಲಿನ ಬುಸುಗುಟ್ಟುವಿಕೆ ಇಲ್ಲ. "ರಿಂಗ್ ಹೋಗಿದ್ದರೆ ಇದು ನಿಲ್ತಿರಲಿಲ್ಲ" ಅಂದ. ಆಯಿಲ್ ಕೆಸರಾಗಿದ್ದರಿಂದ ಅದನ್ನೂ ಬದಲಾಯಿಸಲು ಹೇಳಿದ. ಅದನ್ನು ಮಾತ್ರ ಪೆಟ್ರೋಲ್ ಬಂಕಿನ ಪಕ್ಕದವರ ಕೈಯಲ್ಲಿ ಮಾಡಿಸಿದೆ, ಧೈರ್ಯಕ್ಕೂ ಮಿತಿ ಇರುತ್ತದಲ್ಲ. ಪೂರ್ತಿ ಗುಣವಾಯಿತು ಅಂತ ಸುಳ್ಳು ಹೇಳುವುದಿಲ್ಲ. ಇಷ್ಟು ದಿನದ ಒತ್ತಡಕ್ಕೆ ಒಂದು ಪ್ಯಾಕಿಂಗ್ ಹಾಳಾಗಿದೆ, ಈಗಲೂ ವಾರಕ್ಕೆ ಒಂದೆರಡು ಹನಿ ಬೀಳುತ್ತದೆ. ಅದನ್ನು ಓಣಂ ರಜೆಯಲ್ಲಿ ನೋಡಿಕೊಳ್ಳುವುದು.

ಸೋಮವಾರ ಜಡಿಮಳೆ. ಗುಡ್ಡೆಯ ಮೇಲೆ ಮೂರು ಹೊಸ ಕೊಡೆಗಳು ಕಾಯುತ್ತಾ ನಿಂತಿದ್ದವು. ಆರನೆಯ ಕೆಲಸದ ದಿನ ಎಣಿಕೆಯಲ್ಲಿ ಆ ಮೂರೂ ತಲೆ ಇದ್ದವು. ಈ ವರ್ಷದ ಮಟ್ಟಿಗೆ ಡಿವಿಷನ್ ಉಳಿಯಿತು.

ಹಳೆ ವಾಲ್ವನ್ನು ಪೆಟ್ರೋಲಿನಲ್ಲಿ ನೆನೆಸಿಟ್ಟೆ. ಎರಡು ದಿನದ ಮೇಲೆ ಸಣ್ಣಗೆ ಟಕಟಕ ಅನ್ನತೊಡಗಿತು. ಹಾಗಂತ ಅದನ್ನು ಮತ್ತೆ ಕಾರಿಗೆ ಹಾಕಬಾರದಂತೆ, ಸ್ಪ್ರಿಂಗಿನ ಬಿಗಿ ಹೋಗಿರುತ್ತದೆ. ಚೆನ್ನಾಗಿ ತೊಳೆದು ಒಣಗಿಸಿ ಏಳನೇ ತರಗತಿಯ ಮೇಜಿನ ಮೇಲೆ ಇಟ್ಟಿದ್ದೇನೆ. ಮಕ್ಕಳು ಅಲ್ಲಾಡಿಸಿ ಕೇಳುತ್ತಾರೆ, ಒಂದು ಕಡೆಯಿಂದ ಊದಿ ನೋಡುತ್ತಾರೆ, ಇನ್ನೊಂದು ಕಡೆಯಿಂದ ಊದಿ ನೋಡುತ್ತಾರೆ. ಇದಕ್ಕೆ ಕನ್ನಡದಲ್ಲಿ ಏನು ಹೇಳುವುದು ಅಂತ ಒಬ್ಬಳು ಕೇಳಿದಳು. ಪುಸ್ತಕದ ಪದ ಹುಡುಕುತ್ತಾ ನಿಂತೆ. ಅಷ್ಟರಲ್ಲಿ ಹಿಂದಿನ ಬೆಂಚಿನವ "ಉಸಿರುಕೊಳವೆ" ಅಂದ. ಬೋರ್ಡಿನಲ್ಲಿ ಅದನ್ನೇ ಬರೆದೆ.

ಆ ಗಡಿಯಾರ ಈಗಲೂ ಉಂಟು. ಆಫೀಸ್ ಕಪಾಟಿನ ಕೆಳಗೆ ರಟ್ಟಿನ ಡಬ್ಬಿಯಲ್ಲಿ, ಬಿಚ್ಚಿದ ಚಕ್ರಗಳ ಸಮೇತ. ಒಂದೂ ಕಾಣೆಯಾಗಿಲ್ಲ, ಮಕ್ಕಳ ಜತೆ ಕೂತು ಎಣಿಸಿದೆ. ಫೋಟೋ ತೆಗೆದು ದುಬೈಗೆ ಕಳಿಸಿದ್ದೇನೆ. ಡಿಸೆಂಬರಿನಲ್ಲಿ ರಜೆಗೆ ಬರುವಾಗ ಒಂದು ದಿನ ಶಾಲೆಗೆ ಬಾ, ಏಳನೇ ತರಗತಿಗೆ ಒಂದು ಪೀರಿಯಡ್ ನಿನ್ನದು ಅಂತ ಬರೆದೆ. ಉತ್ತರವಾಗಿ ಒಂದು ಪ್ರಶ್ನೆ ಮಾತ್ರ ಬಂತು: "ಕೀ ಉಂಟಾ ಮಾಷ್ಟ್ರೇ?"

ಕೀ ಹುಡುಕುತ್ತಿದ್ದೇನೆ. ನಿಮ್ಮ ಶಾಲೆಯ ಕಪಾಟಿನಲ್ಲೂ ಇಂಥದ್ದೊಂದು ಡಬ್ಬಿ ಇದ್ದರೆ ತೆರೆದು ನೋಡಿ.